ತೆರೇಜವ್ವನ ನೀರಗಿರಣಿ

ಬ್ಯಾಡಗಿ: ಚನ್ನಬಸಣ್ಣನ ಅಂಗಡಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಖಾನಾವಳಿಗಳಲ್ಲಿ ನೀವು ಎಂದಾದರೂ ಉಂಡಿದ್ದರೆ ನನ್ನ ಕೈಗೆಲಸ ನೋಡಿಯೇ ಇರುತ್ತೀರಿ. ತಾಟಿನ ಎದುರಿನ ಗೋಡೆಯ ಮೇಲೆ ಒಂದು ಸೀನರಿ ಇರುತ್ತದಲ್ಲ, ಹಿಂದೆ ಬೆಳ್ಳನೆಯ ಗುಡ್ಡ, ಮುಂದೆ ಹಸಿರು, ನಡುವೆ ಒಂದು ಹಳ್ಳ, ಹಳ್ಳದ ಆಚೆ ಒಂದು ಮನೆ, ಮನೆಯ ಗೋಡೆಗೆ ದೊಡ್ಡದೊಂದು ಗಾಲಿ. ಅದು ನಾನೇ ಬರೆದದ್ದು. ನನ್ನ ಹೆಸರು ಫಕ್ಕೀರಪ್ಪ, ರಾಣೆಬೆನ್ನೂರಿನಲ್ಲಿ ಬೋರ್ಡ್ ಪೇಂಟರ್. ಫ್ಲೆಕ್ಸ್ ಬಂದು ಬೋರ್ಡಿನ ಕೆಲಸ ನುಂಗಿ ಹಾಕಿತು, ಆದರೆ ಈ ಸೀನರಿ ಮಾತ್ರ ನನ್ನ ಕೈ ಬಿಡಲಿಲ್ಲ. ಗೋಡೆಗೆ ಬೇಕೆಂದರೆ ಗೋಡೆಗೆ, ಫ್ರೇಮಿಗೆ ಬೇಕೆಂದರೆ ಹಾಳೆಯ ಮೇಲೆ ಜಲವರ್ಣದಲ್ಲಿ ಬರೆದುಕೊಡುತ್ತ ಬಂದಿದ್ದೇನೆ.

ಅಂಥದ್ದೇ ಒಂದು ಫ್ರೇಮು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಚನ್ನಬಸಣ್ಣನ ಅಂಗಡಿಯಲ್ಲಿತ್ತು. ಹೋದ ಸುಗ್ಗಿಯಲ್ಲಿ ಕಾಯಿ ನೋಡಲು ಸ್ಲೊವೇನಿಯಾ ಅನ್ನುವ ದೇಶದಿಂದ ಯಾನೆಜ್ ಎಂಬ ವ್ಯಾಪಾರಿ ಬಂದವನು, ಕಾಯಿ ನೋಡುವುದು ಬಿಟ್ಟು ಆ ಚಿತ್ರದ ಮುಂದೆ ನಿಂತುಬಿಟ್ಟನಂತೆ. ಚನ್ನಬಸಣ್ಣ ನನಗೆ ಫೋನ್ ಹಚ್ಚಿದ.

"ಫಕ್ಕೀರಣ್ಣ, ಲಗೂ ಬಾರಪಾ. ಈ ಗಾಲಿ ಹೆಂಗ ತಿರಗತೈತಿ ಅಂತ ಕೇಳಾಕತ್ತಾನ. ನನಗೇನ್ ಗೊತ್ತು?"

ಹೋದೆ. ನೀರಿನಿಂದ ತಿರುಗುತ್ತದೆ ಅಂದೆ. ಯಾವ ನೀರು ಅಂತ ಅವನು ಚನ್ನಬಸಣ್ಣನ ಬಾಯಿಂದ ಕೇಳಿಸಿದ. ಚಿತ್ರ ನೋಡಿದೆ. ಹಳ್ಳ ತನ್ನ ಪಾಡಿಗೆ ತಾನು ಮುಂದೆ ಹರಿಯುತ್ತಿತ್ತು, ಗಾಲಿ ತನ್ನ ಪಾಡಿಗೆ ಗೋಡೆಗೆ ಅಂಟಿಕೊಂಡಿತ್ತು. ಸಾಲದ್ದಕ್ಕೆ ಅದು ಬಂಡಿಯ ಗಾಲಿ. ಗುಂಬ, ಅರ, ಮೇಲೆ ಕಬ್ಬಿಣದ ಹಳಿ, ಎಲ್ಲ ಬರೋಬ್ಬರಿ ಇತ್ತು. ನಮ್ಮಪ್ಪ ಬರೆದದ್ದನ್ನು ನೋಡಿ ನಾನು ಬರೆದೆ, ನಮ್ಮಪ್ಪ ಒಂದು ಹಳೇ ಕ್ಯಾಲೆಂಡರ್ ನೋಡಿ ಬರೆದಿದ್ದ. ಆ ಕ್ಯಾಲೆಂಡರಿನಲ್ಲಿ ಗಾಲಿ ಇದ್ದ ಮೂಲೆಯನ್ನು ಇಲಿ ತಿಂದಿತ್ತು. ಅಪ್ಪ ತನಗೆ ಗೊತ್ತಿದ್ದ ಗಾಲಿಯನ್ನು ತಂದು ಕೂಡಿಸಿದ. ಇಷ್ಟು ವರ್ಷ ಈ ಕಡೆಯ ಒಬ್ಬರೂ ಕೇಳಿರಲಿಲ್ಲ, ಯಾರೋ ರಿಪೇರಿಗೆ ಬಿಟ್ಟ ಬಂಡಿ ಅಂದುಕೊಂಡು ರೊಟ್ಟಿ ಮುರಿಯುತ್ತಿದ್ದರು.

ಯಾನೆಜ್ ನಗಲಿಲ್ಲ. ತನ್ನ ಸೋದರತ್ತೆಯ ಹತ್ತಿರ ಹಳ್ಳದ ನೀರಿನಿಂದ ಹಿಟ್ಟು ಬೀಸುವ ಖರೇ ನೀರಗಿರಣಿ ಒಂದಿದೆ, ಬರುವ ಶರತ್ಕಾಲದಲ್ಲಿ ಆಕೆ ಅದನ್ನು ಬಿಟ್ಟು ಪಟ್ಟಣಕ್ಕೆ ಹೋಗುವವಳಿದ್ದಾಳೆ, ಹೋಗುವ ಮೊದಲು ಗಿರಣಿಯದೊಂದು ಚಿತ್ರ ಬೇಕು ಅನ್ನುತ್ತಿದ್ದಾಳೆ ಅಂದ. ಹೇಗೂ ಚನ್ನಬಸಣ್ಣ ವ್ಯಾಪಾರದ ಮಾತಿಗೆ ಅಲ್ಲಿಗೆ ಬರುತ್ತಾನಲ್ಲ, ನೀನೂ ಬಾ ಅಂದ. ನಾನು ಮನೆಯಲ್ಲೂ ಕೇಳದೆ ಹೂಂ ಅಂದೆ. ಸಾಯುವ ತನಕ ಗೋಡೆಗೆ ಬಂಡಿಗಾಲಿ ಹೊಡೆಯುತ್ತ ಹೋಗುವುದು ನನಗೆ ಒಪ್ಪಲಿಲ್ಲ. ಒಂದಾದರೂ ಖರೇ ಗಿರಣಿಯನ್ನು ಕಣ್ಣಾರೆ ನೋಡಿ ಬರೆಯಬೇಕಿತ್ತು.

ವಿಮಾನ ಇಳಿದಲ್ಲಿ

ಹೆಂಡತಿ ನೀಲವ್ವ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಹೊಸ ಖಾರದ ಪುಡಿ ಇಟ್ಟಿದ್ದಳು. ವಿಮಾನ ಇಳಿದ ಮೇಲೆ ಚೀಲ ತಪಾಸು ಮಾಡುವವನು ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ತಂದ. ಒಂದು ಸೀನು ಬಂತು, ಮತ್ತೊಂದು ಬಂತು, ಮಗ್ಗುಲಿನವನಿಗೂ ಹತ್ತಿತು. ನಮ್ಮನ್ನು ಇಲ್ಲಿಂದಲೇ ವಾಪಸು ಕಳಿಸುತ್ತಾರೆ ಅಂದುಕೊಂಡೆ. ಚನ್ನಬಸಣ್ಣನಿಗೆ ಬೇರೆಯದೇ ಚಿಂತೆ.

"ಖರೇ ಹೇಳು, ಇದು ಬ್ಯಾಡಗಿ ಕಾಯಿ ಅಲ್ಲ. ನಮ್ಮ ಕಾಯಿ ಇಷ್ಟ ಘಾಟ ಹೊಡ್ಯಾಂಗಿಲ್ಲ. ಗುಂಟೂರ ಕಾಯಿ ಕೂಡಿಸ್ಯಾರ. ಯಾರ ಅಂಗಡ್ಯಾಗ ತಂದಿ?"

ಅವನಿಗೆ ಗಿರಾಕಿಯ ದೇಶದಲ್ಲಿ ಊರಿನ ಮರ್ಯಾದೆ ಹೋಯಿತಲ್ಲ ಅಂತ ಸಂಕಟ. ತಪಾಸು ಮಾಡುವವನು ಕಣ್ಣೊರೆಸಿಕೊಂಡು, ನಗುತ್ತ, ಡಬ್ಬಿ ವಾಪಸು ಕೊಟ್ಟು ಕೈಮುಗಿದ. ಅಲ್ಲಿಯ ಜನ ಕೈಮುಗಿಯುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಬಹುಶಃ ಹೋಗಿರಪ್ಪಾ ಸಾಕು ಅಂತ ಮುಗಿದಿರಬೇಕು.

ಯಾನೆಜ್‌ನ ಕಾರು ಹತ್ತಿದೆವು. ಮಂಜು ಬಿದ್ದಿತ್ತು. ದೇವರಗುಡ್ಡದ ಜಾತ್ರೆಯಲ್ಲಿ ಭಂಡಾರದ ಅರಿಶಿನಪುಡಿ ತೂರಿದಾಗ ಎದುರಿಗಿದ್ದವರ ಮುಖ ಒಂದು ಗಳಿಗೆ ಹಳದಿಯಲ್ಲಿ ಮರೆಯಾಗುತ್ತದಲ್ಲ, ಇಲ್ಲಿ ಊರಿಗೆ ಊರೇ ಹಾಗೆ ಬಿಳಿಯಲ್ಲಿ ಮರೆಯಾಗಿತ್ತು, ಆದರೆ ಆ ಬಿಳಿ ಕೆಳಗಿಳಿಯುತ್ತಲೇ ಇರಲಿಲ್ಲ. ಅದರೊಳಗಿಂದ ಒಂದು ಮರ ಬರುತ್ತಿತ್ತು, ಹೋಗುತ್ತಿತ್ತು. ಒಂದು ಆಕಳು ಬಂತು, ನಮ್ಮನ್ನು ನೋಡಿತು, ಕರಗಿತು. ಅಲ್ಲಿಯವರು ಹುಲ್ಲಿಗೆ ನಮ್ಮ ಹಾಗೆ ಬಣವಿ ಒಟ್ಟುವುದಿಲ್ಲ. ಗೋಡೆಯಿಲ್ಲದ ಎತ್ತರದ ಮರದ ಚೌಕಟ್ಟು ಮಾಡಿ, ಮೇಲೊಂದು ಮಾಡು ಹಾಕಿ, ಹುಲ್ಲನ್ನು ತೊಳೆದ ಅರಿವೆಯಂತೆ ಅಡ್ಡಗೋಲುಗಳ ಮೇಲೆ ಹರವುತ್ತಾರೆ. ಮಂಜಿನಲ್ಲಿ ಅವು ಯಾರೂ ಇರದ ಮನೆಗಳಂತೆ ಸಾಲಾಗಿ ನಿಂತಿದ್ದವು. ನನಗೆ ನಿದ್ದೆಯೋ ಎಚ್ಚರವೋ ತಿಳಿಯದಂತಾಗಿ ಗಾಜಿಗೆ ಹಣೆ ಹಚ್ಚಿ ಕೂತೆ.

ತೆರೇಜವ್ವನ ಹೊಸ್ತಿಲು

ಯಾನೆಜ್‌ನ ಅತ್ತೆಯ ಹೆಸರು ತೆರೇಜಾ. ಎಂಬತ್ತು ದಾಟಿದ ಹೆಂಗಸನ್ನು ಬರೀ ಹೆಸರು ಹಿಡಿದು ಕರೆಯಲು ನಮಗೆ ನಾಲಿಗೆ ಏಳಲಿಲ್ಲ, ತೆರೇಜವ್ವ ಅಂದೆವು. ಆಕೆಗೂ ಅದು ಹಿಡಿಸಿತು, ಕರೆದಾಗಲೆಲ್ಲ ಓ ಅನ್ನುತ್ತಿದ್ದಳು.

ನಾವು ಹೊಸ್ತಿಲ ಹೊರಗೆ ಬೂಟು ಕಳೆದು ಬರಿಗಾಲಲ್ಲಿ ಒಳಗೆ ಹೋದರೆ ಆಕೆ ಗಾಬರಿಯಾದಳು. ಅಲ್ಲಿ ಬಂದವರ ಬೂಟು ಬಿಡಿಸುತ್ತಾರೆ, ಸರಿ, ಆದರೆ ಒಳಗೆ ಹಾಕಿಕೊಳ್ಳಲು ಉಣ್ಣೆಯ ಚಪ್ಪಲಿ ಕೊಡುತ್ತಾರೆ. ಅದಕ್ಕೇ ಒಂದು ಬುಟ್ಟಿ ಬಾಗಿಲ ಹತ್ತಿರ ಇರುತ್ತದೆ. ಮನೆಯೊಳಗೆ ಚಪ್ಪಲಿ ಹಾಕಿ ಅಡ್ಡಾಡಬೇಕೆಂದಾಗ ಬೈಯುವ ನಮ್ಮವ್ವನ ಮುಖ ಕಣ್ಣ ಮುಂದೆ ಬಂತು. ಚನ್ನಬಸಣ್ಣ ಒಲೆಯ ಕಡೆ ಹೋಗುವಾಗ ಯಾರಿಗೂ ಕಾಣದಂತೆ ಚಪ್ಪಲಿ ಬಿಟ್ಟು ಹೋಗಿ ಮತ್ತೆ ಬಂದು ಹಾಕಿಕೊಳ್ಳುತ್ತಿದ್ದ. ತೆರೇಜವ್ವ ಅದನ್ನು ಕಂಡು, ಪ್ರತಿ ಸಲ ಅವನ ಚಪ್ಪಲಿ ಎತ್ತಿ ಅವನ ಹಿಂದೆಯೇ ತಂದಿಡುತ್ತಿದ್ದಳು.

ಮಾತಿನದು ದೊಡ್ಡ ಫಜೀತಿ. ತೆರೇಜವ್ವ ತನ್ನ ಭಾಷೆಯಲ್ಲಿ ಹೇಳಬೇಕು, ಯಾನೆಜ್ ಅದನ್ನು ಇಂಗ್ಲೀಷಿಗೆ ತರಬೇಕು, ಚನ್ನಬಸಣ್ಣ ಅದನ್ನು ನನಗೆ ಮುಟ್ಟಿಸಬೇಕು. ಚನ್ನಬಸಣ್ಣ ವ್ಯಾಪಾರದ ಮನುಷ್ಯ, ಮಾತು ಖರ್ಚು ಮಾಡುವುದಿಲ್ಲ. ಆಕೆ ಕೈ ಆಡಿಸಿ, ಕಣ್ಣು ಅಗಲಿಸಿ, ಒಂದು ಸಲ ಎದ್ದು ನಿಂತು ಏನೇನೋ ಹೇಳಿದಳು. ಯಾನೆಜ್ ಅದರ ಅರ್ಧ ಹೇಳಿದ. ಚನ್ನಬಸಣ್ಣ ನನ್ನ ಕಡೆ ತಿರುಗಿ, "ಥಂಡಿ ಭಾಳ ಅಂತ, ಬಿಸಿದು ಕುಡೀರಿ ಅಂತಾಳ" ಅಂದ.

"ಅಷ್ಟೊತ್ತು ಹೇಳಿದ್ದು ಇಷ್ಟಾ?"

"ಉಳಿದದ್ದು ಆಕಿ ಗಂಡನ ಸುದ್ದಿ. ತೀರಿಕೊಂಡಾನ. ನಿನಗ ಅದೆಲ್ಲಾ ಯಾಕ, ಗಿರಣಿ ನೋಡು."

ಮನೆಗೆ ಹತ್ತಿಕೊಂಡೇ ಗಿರಣಿ. ಬಾಗಿಲು ತೆರೆದರೆ ಹಳೆಯ ಹಿಟ್ಟಿನ ವಾಸನೆ. ಎರಡು ಕಲ್ಲು, ಒಂದರ ಮೇಲೊಂದು, ನಮ್ಮ ಮನೆಯ ಬೀಸುಕಲ್ಲೇ, ಆದರೆ ಬಂಡಿಗೂ ಹೊರೆಯಾಗುವಷ್ಟು ದೊಡ್ಡವು. ಅವುಗಳ ಮೇಲೆ ಕಾಳು ಸುರಿಯುವ ಮರದ ದೊಡ್ಡ ಕೊಳಗ. ನನ್ನ ಕೈ ತಾನೇ ಹೋಗಿ ಕಲ್ಲು ಮುಟ್ಟಿ ಹಣೆಗೆ ಬಂತು. ತೆರೇಜವ್ವ ಅದನ್ನು ನೋಡಿದಳು. ಸೊಂಟಕ್ಕೆ ಕಟ್ಟಿದ್ದ ಸೆರಗಿನಂಥ ಮುಂಬಟ್ಟೆಯಿಂದ ನಾನು ಮುಟ್ಟಿದ ಜಾಗದ ಪಕ್ಕ ಕೂತಿದ್ದ ಧೂಳನ್ನು ಒರೆಸಿದಳು.

ಹಿಂದೆ ಹೋಗಿ ಗಾಲಿ ನೋಡಿದೆ. ನಾನು ಇಷ್ಟು ವರ್ಷ ಬರೆದದ್ದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಇದಕ್ಕೆ ಸುತ್ತಲೂ ಮರದ ಡೋಣಿಗಳು, ದನಕ್ಕೆ ನೀರಿಡುವ ತೊಟ್ಟಿಯಂಥವು, ಒಂದರ ಹಿಂದೊಂದು. ಮೇಲಿನ ಹಳ್ಳದಿಂದ ಒಂದು ಮರದ ಕಾಲುವೆ ಬರುತ್ತದೆ, ಅದರ ಬಾಯಿಂದ ನೀರು ಮೇಲಿನ ಡೋಣಿಗೆ ಬೀಳುತ್ತದೆ, ಅದು ತುಂಬಿ ಭಾರವಾಗಿ ಕೆಳಗಿಳಿಯುತ್ತದೆ, ಹಿಂದಿನದು ಮೇಲೆ ಬರುತ್ತದೆ. ಈಗ ಹಾಗೆ ತಿರುಗುವುದೇನೂ ಇರಲಿಲ್ಲ. ಡೋಣಿಗಳು ಅರ್ಧಕ್ಕರ್ಧ ಉದುರಿದ್ದವು, ನಡುವಿನ ಅಚ್ಚು ಕೊಳೆತಿತ್ತು, ಉಳಿದದ್ದರ ಮೇಲೆಲ್ಲ ಹಸಿರು ಪಾಚಿ ಮೆತ್ತಗೆ ಬೆಳೆದಿತ್ತು. ಕಾಲುವೆಯ ಮೇಲ್ತುದಿಯಲ್ಲಿ ಹಲಗೆ ಇಳಿಸಿ ನೀರು ಬಂದ್ ಮಾಡಿದ್ದರು.

ಅಲ್ಲಿಯೇ ನಿಂತು ತೆರೇಜವ್ವ ತನಗೆ ಬೇಕಾದದ್ದನ್ನು ಹೇಳಿದಳು. ಈ ಸಲ ಮಾತು ಸಣ್ಣದಿತ್ತು, ಚನ್ನಬಸಣ್ಣ ಪೂರ್ತಿ ಮುಟ್ಟಿಸಿದ. "ಬರೋ ಭಾನುವಾರ ಹೊಂಟಾಳ. ಮನಿ ತಗೊಂಡಾಂವ ಈ ಗಾಲಿ ಕಿತ್ತು, ಇಲ್ಲೆ ಲಾಡ್ಜ ಮಾಡ್ತಾನಂತ. ಆಕಿಗೆ ಗಾಲಿ ತಿರಗೂ ಚಿತ್ರ ಬೇಕಂತ. ನಿಂತಿದ್ದು ಬ್ಯಾಡ."

ಮೊದಲ ಹಾಳೆ

ನಮ್ಮ ಕಡೆ ಜಲವರ್ಣ ಅಂದರೆ ಬಿಸಿಲಿನ ಕೂಡ ಓಟ. ಆಕಾಶಕ್ಕೆ ನೀಲಿ ಎಳೆದು ಬ್ರಷ್ ತೊಳೆಯುವಷ್ಟರಲ್ಲಿ ಹಾಳೆ ಆರಿ ಅಂಚು ಗಟ್ಟಿಯಾಗಿರುತ್ತದೆ. ಅದಕ್ಕೇ ನಾನು ಕಲಿತದ್ದು ಹೀಗೆ: ಹಾಳೆಯ ಮೇಲೆ ನೀರು ಸುರಿ, ಬಣ್ಣ ಧಾರಾಳ ಹಚ್ಚು, ಹಿಂದೆ ತಿರುಗಿ ನೋಡದೆ ಮುಂದಿನದಕ್ಕೆ ಹೋಗು. ಕೈಗೆ ಅದೇ ರೂಢಿ.

ಮರುದಿನ ಹಳ್ಳದ ದಂಡೆಯಲ್ಲಿ ಹಲಗೆ ಮೊಣಕಾಲ ಮೇಲಿಟ್ಟು ಕೂತೆ. ಪೆನ್ಸಿಲಿನಲ್ಲಿ ಗಾಲಿ ಚೆಂದ ಬಂತು, ಡೋಣಿ ಡೋಣಿ ಎಣಿಸಿದಂತೆ. ನೀರು ಸುರಿದು ಆಕಾಶ ಹಚ್ಚಿದೆ. ಗಿರಣಿಯ ಮಾಡು ಹಚ್ಚಿದೆ. ಗಾಲಿ ಹಚ್ಚಿದೆ. ತೆರೇಜವ್ವ ತಂದ ಬಿಸಿ ಹಾಲು ಕುಡಿದು ಲೋಟ ಕೆಳಗಿಟ್ಟು ನೋಡುತ್ತೇನೆ, ಆಕಾಶ ಮಾಡಿನೊಳಗೆ ಇಳಿಯುತ್ತಿದೆ. ಮಾಡಿನ ಕೆಂಪು ಗಾಲಿಯೊಳಗೆ ಇಳಿಯುತ್ತಿದೆ. ಗಾಲಿ ಹುಲ್ಲಿಗೆ ಹೋಗಿದೆ. ಆ ಥಂಡಿಯಲ್ಲಿ, ಆ ಮಂಜಿನಲ್ಲಿ ಹಾಳೆ ಆರಲು ತಯಾರೇ ಇಲ್ಲ. ಒಳಗೆ ಓಡಿ ಒಲೆಯ ಹತ್ತಿರ ಹಿಡಿದೆ. ಹಾಳೆ ಹಪ್ಪಳದಂತೆ ಎದ್ದಿತು, ಉಬ್ಬಿದಲ್ಲಿಂದ ಬಣ್ಣ ತಗ್ಗಿಗೆ ಹರಿಯಿತು.

ನನ್ನ ಸಿಟ್ಟು ಊರಿಗೆಲ್ಲ ಗೊತ್ತು. ಹಾಳೆ ಹರಿದು ಒಲೆಗೆ ಹಾಕಿದೆ. ಗೋಡೆ ಬರೆಯುವವನಿಗೆ ಇದೆಲ್ಲ ಯಾಕೆ ಬೇಕಿತ್ತು ಅಂತ ನನಗೆ ನಾನೇ ಬೈದುಕೊಂಡೆ. ತೆರೇಜವ್ವ ಒಲೆಯ ಬಾಗಿಲಲ್ಲಿ ಉರಿಯುವ ಹಾಳೆಯನ್ನೇ ನೋಡುತ್ತ ನಿಂತಳು. ಆಕೆಯ ಮುಖ ನೋಡಿ ನನಗೆ ಕೆಟ್ಟದೆನಿಸಿತು. ಬಾಯಿಬಿಟ್ಟು ಏನು ಹೇಳಲಿ, ನಡುವೆ ಇಬ್ಬರು ಬೇಕು.

ಜೇನುಪೆಟ್ಟಿಗೆಗಳ ದಾರಿ

ಸಿಟ್ಟು ಇಳಿಯಲೆಂದು ಯಾನೆಜ್ ನಮ್ಮಿಬ್ಬರನ್ನು ಹೊಲದ ದಾರಿಯಲ್ಲಿ ಅಡ್ಡಾಡಿಸಿದ. ಎದುರಿಗೆ ಬಂದ ಪ್ರತಿಯೊಬ್ಬರೂ ಗುರುತಿಲ್ಲದಿದ್ದರೂ ನಮಸ್ಕಾರ ಹೇಳಿ ಹೋಗುತ್ತಿದ್ದರು. ನಮ್ಮ ಕಡೆ ಗುರುತಿಲ್ಲದವರು ಎದುರಾದರೆ ಮೊದಲು ಯಾವೂರು, ಯಾರ ಮನಿ, ಯಾಕ ಬಂದೀರಿ ಅಂತ ಕೇಳುತ್ತೇವೆ, ನಮಸ್ಕಾರ ಆಮೇಲೆ. ಇಲ್ಲಿ ನಮಸ್ಕಾರ ಅಷ್ಟೇ, ವಿಚಾರಣೆ ಇಲ್ಲ. ಚನ್ನಬಸಣ್ಣನಿಗೆ ಅದು ಸಪ್ಪೆ ಅನಿಸಿತು. "ಏನೂ ಕೇಳಲಾರದ ಹೆಂಗ ಹೊಕ್ಕಾರಪಾ ಇವರು?" ಅಂತ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದ.

ಒಂದು ತೋಟದಲ್ಲಿ ಜೇನುಪೆಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸಿ ಇಟ್ಟಿದ್ದರು. ಪ್ರತಿ ಪೆಟ್ಟಿಗೆಯ ಮುಖಕ್ಕೂ ಒಂದೊಂದು ಚಿತ್ರ. ಹಳೆಯವು, ಬಣ್ಣ ಮಾಸಿದವು. ಬೇಟೆಗಾರನ ಹೆಣ ಹೊತ್ತು ಹೊರಟ ಪ್ರಾಣಿಗಳು, ಜಗಳಾಡುವ ಗಂಡ ಹೆಂಡತಿ. ಜೇನುಹುಳ ತನ್ನ ಮನೆ ತಪ್ಪಬಾರದು ಅಂತ ಬರೆಸುತ್ತಿದ್ದರಂತೆ. ಯಾವ ಚಿತ್ರದ ಮೇಲೂ ಬರೆದವನ ಹೆಸರಿರಲಿಲ್ಲ. ಇವರೂ ನಮ್ಮ ಮಂದಿಯೇ, ಹುಳದ ಗಿರಾಕಿಗೆ ಬೋರ್ಡ್ ಬರೆದವರು ಅಂದುಕೊಂಡು ನಾನು ಅಲ್ಲಿಯೇ ಬಹಳ ಹೊತ್ತು ನಿಂತೆ. ಮಂಜು ಬಂದು ಚಿತ್ರಗಳನ್ನು ಮುಚ್ಚುತ್ತಿತ್ತು, ತೆರೆಯುತ್ತಿತ್ತು. ಆ ಹೊತ್ತು ಊರು, ವಯಸ್ಸು, ಮಾಡಬೇಕಾದ ಕೆಲಸ ಯಾವುದೂ ನೆನಪಿರಲಿಲ್ಲ.

ವಾಪಸು ಬಂದು, ಶನಿವಾರದ ಹೊತ್ತಿಗೆ ಎರಡನೆಯ ಹಾಳೆ ಮುಗಿಸಿದೆ. ಈ ಸಲ ಬುದ್ಧಿ ಬಂದಿತ್ತು. ಬ್ರಷ್ ಹಿಂಡಿ ಹಿಂಡಿ, ಒಂದು ಬಣ್ಣ ಹಚ್ಚಿ, ಅದು ಆರುವ ತನಕ ಕೈಕಟ್ಟಿ ಕೂತು, ಆಮೇಲೆ ಇನ್ನೊಂದು. ಮುರಿದ ಡೋಣಿ ಮುರಿದಂತೆಯೇ ಬಂತು, ಪಾಚಿ ಪಾಚಿಯಂತೆಯೇ. ನನ್ನ ಜನ್ಮದಲ್ಲಿ ಅಷ್ಟು ಚೊಕ್ಕ ಕೆಲಸ ಮಾಡಿರಲಿಲ್ಲ. ನಾನು ಬಂದದ್ದೇ ಇದಕ್ಕೆ.

ತೆರೇಜವ್ವ ತಾಟುಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಡಬ್ಬಕ್ಕೆ ಹಾಕುತ್ತಿದ್ದಳು. ಕೈ ಒರೆಸಿಕೊಂಡು ಬಂದು ಚಿತ್ರ ನೋಡಿದಳು. ತಲೆ ಆಡಿಸಿದಳು. ಏನೋ ಹೇಳಿ ಮತ್ತೆ ತಾಟಿನ ಕಡೆ ಹೋದಳು.

"ಭಾಳ ಛಲೋ ಐತಂತ," ಅಂದ ಚನ್ನಬಸಣ್ಣ. ಆಮೇಲೆ ದನಿ ಇಳಿಸಿದ. "ಮನಿ ತಗೊಂಡಾಂವಗ ಕೊಡು ಅಂತಾಳ. ಲಾಡ್ಜಿನ್ಯಾಗ ಹಾಕ್ಕೋತಾನಂತ."

ನನಗೆ ಮೈ ಉರಿಯಿತು. "ತಿರಗದ ಗಾಲಿ ತಿರಗತೈತಿ ಅಂತ ಬರಿಯೋದು ನನಗ ರಾಣೆಬೆನ್ನೂರಾಗ ಬರ್ತಿತ್ತು. ಅದಕ್ಕ ಇಷ್ಟ ದೂರ ಬರಬೇಕಿತ್ತಾ? ಕಂಡದ್ದು ಬರದೇನಿ. ಖರೇ ಐತಿ ಅದು."

ಚನ್ನಬಸಣ್ಣ ಉಣ್ಣೆಯ ಚಪ್ಪಲಿ ನೋಡುತ್ತ ಕೂತಿದ್ದ. "ಫಕ್ಕೀರಣ್ಣ, ಆಕಿ ಇಲ್ಲೆ ಅರವತ್ತು ವರ್ಷ ಇದ್ದಾಕಿ. ಗಾಲಿ ಮುರದೈತಿ ಅಂತ ನೀ ಬಂದು ತೋರಸಬೇಕಾ ಆಕಿಗೆ?"

ನಾನು ಹಾಳೆಯನ್ನು ಗೋಡೆಗೆ ಮುಖಮಾಡಿ ಇಟ್ಟೆ. ಆ ಹೆಂಗಸು ಮರುದಿನ ಹೊರಡುವವಳು, ಬೇಕೆಂದದ್ದು ಒಂದೇ ಚಿತ್ರ, ಅದು ನನ್ನ ಕೈಲಿ ಆಗಿರಲಿಲ್ಲ.

ಭಾನುವಾರ

ಮುಂಜಾನೆ ಎದ್ದಾಗ ಮಂಜು ಕಿಟಕಿಗೆ ಹತ್ತಿ ನಿಂತಿತ್ತು. ಕಾರಿಗೆ ಡಬ್ಬಗಳನ್ನು ಏರಿಸಿ ಆಗಿತ್ತು. ಹೊರಗೆ ಬಂದರೆ ಗಿರಣಿಯ ಬಾಗಿಲು ತೆರೆದಿದೆ. ತೆರೇಜವ್ವ ಒಂದು ಮೊರದಷ್ಟು ಕಾಳು ತಂದು ಕಲ್ಲಿನ ಮೇಲಿನ ಕೊಳಗಕ್ಕೆ ಸುರಿಯುತ್ತಿದ್ದಾಳೆ. ಕಪ್ಪಗೆ, ಮೂರು ಮೂಲೆಯ ಕಾಳು. ಆ ಕಡೆ ಅದರ ಹಿಟ್ಟಿನಲ್ಲಿ ನಮ್ಮ ಸಂಗಟಿಯಂಥದ್ದೇ ಒಂದು ಅಡುಗೆ ಮಾಡುತ್ತಾರೆ.

"ಕಾಳು ಯಾಕ ಹಾಕಾಕತ್ತಾಳ, ಕೇಳು," ಅಂದೆ.

ಯಾನೆಜ್ ಕೇಳಿದ, ಚನ್ನಬಸಣ್ಣ ಮುಟ್ಟಿಸಿದ. "ನೀರ ಬಿಡಸ್ತಾಳಂತ, ಒಂದ ಸಲ. ನೀರ ಬರೂ ಮುಂದ ಕಲ್ಲು ಖಾಲಿ ಇರಬಾರದಂತ."

"ಗಾಲಿ ತಿರಗಾಂಗಿಲ್ಲಲ್ಲ."

"ಅದು ಆಕಿಗೆ ಗೊತ್ತೈತಂತ."

ನಮ್ಮವ್ವ ಬೀಸುಕಲ್ಲನ್ನು ಖಾಲಿ ತಿರುಗಿಸಗೊಡುತ್ತಿರಲಿಲ್ಲ. ನಾವು ಹುಡುಗರು ಆಟಕ್ಕೆ ಗೂಟ ಹಿಡಿದರೂ ಓಡಿಬಂದು ಒಂದು ಹಿಡಿ ಜೋಳ ಹಾಕಿ, ಹಂಗಾರ ತಿರುವು ಅನ್ನುತ್ತಿದ್ದಳು. ಈ ಮುದುಕಿ ತಿರುಗದ ಕಲ್ಲಿಗೂ ಕಾಳು ಹಾಕುತ್ತಿದ್ದಾಳೆ. ನಾನು ಆಕೆಯನ್ನು ಸೀನರಿ ಕೇಳುವ ಗಿರಾಕಿ ಅಂದುಕೊಂಡಿದ್ದೆ. ಓಡಿಹೋಗಿ ಹಲಗೆ, ಹಾಳೆ, ಬಣ್ಣ ತಂದೆ. ಪೆನ್ಸಿಲ್ ತರಲಿಲ್ಲ.

ಯಾನೆಜ್ ಕಾಲುವೆಯ ಮೇಲ್ತುದಿಗೆ ಹೋಗಿ ನೀರು ತಡೆದಿದ್ದ ಹಲಗೆ ಎತ್ತಿದ. ಮೊದಲು ಏನೂ ಬರಲಿಲ್ಲ. ಆಮೇಲೆ ಮರದ ಕಾಲುವೆಯೊಳಗೆ ಒಣಗಿದ ಎಲೆಗಳು ಸರಿಯುವ ಸಪ್ಪಳ, ಅವುಗಳ ಹಿಂದೆ ನೀರು. ಅರ್ಧ ದಾರಿಯಲ್ಲೇ ಸೋರಿತು. ಉಳಿದದ್ದು ಬಾಯಿ ದಾಟಿ ಗಾಲಿಯ ಮೇಲೆ ಬಿತ್ತು. ಗಾಲಿ ತಿರುಗಲಿಲ್ಲ. ಮೈ ಕೊಡವಿದಂತೆ ಒಮ್ಮೆ ಅಲುಗಿತು, ಎಲ್ಲೋ ಒಳಗೆ ಕಿರ್ ಅಂತು, ಹಾಗೇ ನಿಂತಿತು. ನೀರು ಮುರಿದ ಡೋಣಿಗಳಿಂದ ಚೆಲ್ಲಿ ಹೊಗೆಯಂತೆ ಎದ್ದು ಮಂಜಿನಲ್ಲಿ ಸೇರಿಹೋಗುತ್ತಿತ್ತು. ತೆರೇಜವ್ವ ಗಿರಣಿಯ ಹೊರಗೋಡೆಗೆ ಅಂಗೈ ಹಚ್ಚಿ ನಿಂತಿದ್ದಳು. ಕಲ್ಲು ಬೀಸುವಾಗ ಆ ಗೋಡೆ ನಡುಗುತ್ತಿತ್ತಂತೆ, ಆಮೇಲೆ ಯಾನೆಜ್ ಹೇಳಿದ.

ನಾನು ಹಾಳೆಯ ಮೇಲೆ ನೀರು ಸುರಿದೆ. ಹಿಂಡಿದ ಬ್ರಷ್ ಬಿಟ್ಟು ಊರಿನ ನನ್ನ ದಪ್ಪ ಬ್ರಷ್ ಹಿಡಿದೆ. ಮಾಡಿನ ಕೆಂಪು ಹಚ್ಚಿದೆ, ಅದು ಇಳಿಯಿತು, ಇಳಿಯಲಿ ಅಂದೆ. ಗಾಲಿಯ ಕಂದು ಹಚ್ಚಿದೆ, ಅದು ಸುತ್ತ ಹರಡಿತು, ತಡೆಯಲಿಲ್ಲ. ನೀರಿಗೆ ಬಣ್ಣ ಹಚ್ಚಲಿಲ್ಲ, ನೀರನ್ನೇ ಬಿಟ್ಟೆ. ಹಾಳೆಯ ಮೇಲೆ ಅದು ಮೇಲಿನಿಂದ ಬಂದು ಗಾಲಿಯೊಳಗೆ ಹೊಕ್ಕು, ಡೋಣಿಗಳನ್ನು ಒಂದಕ್ಕೊಂದು ಕಲಸಿ, ಕೆಳಗಿಳಿಯಿತು. ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ತಲೆ ಎತ್ತಿದಾಗ ತೆರೇಜವ್ವ ನನ್ನ ಹಿಂದೆ ನಿಂತಿದ್ದಳು. ಮೂಗಿನಿಂದ ಉಸಿರು ಎಳೆದುಕೊಂಡಳು, ಎರಡೂ ಕೈ ಚಾಚಿದಳು.

"ಇನ್ನಾ ಹಸಿ ಐತಿ, ಸ್ವಲ್ಪ ತಡಿ ಅನ್ರಿ ಆಕಿಗೆ," ಅಂದೆ.

ಮಾತು ಇಬ್ಬರನ್ನು ದಾಟಿ ಹೋಯಿತು, ಇಬ್ಬರನ್ನು ದಾಟಿ ಬಂತು. ಚನ್ನಬಸಣ್ಣ ಈ ಸಲ ಒಂದು ಶಬ್ದವನ್ನೂ ಉಳಿಸಿಕೊಳ್ಳಲಿಲ್ಲ. "ಹಸಿ ಇರ್ಲಿ. ನನಗ ಹಸೀನ ಬೇಕು ಅಂತಾಳ."

ಹಲಗೆ ಸಮೇತ ಕೊಟ್ಟೆ. ಆಕೆ ಕಾರಿನ ಮುಂದಿನ ಸೀಟಿನಲ್ಲಿ ಕೂತು ಅದನ್ನು ಎರಡೂ ಮೊಣಕಾಲ ಮೇಲೆ ಸಮ ಮಾಡಿಕೊಂಡಳು. ಕೈ ಬಿಡುವಂತಿರಲಿಲ್ಲ, ಬೆಲ್ಟನ್ನು ಯಾನೆಜ್ ಹಾಕಿದ. ಅವನು ಬೆಚ್ಚಗಿರಲಿ ಅಂತ ಹೀಟರ್ ಹಚ್ಚಿದರೆ ಆಕೆ ಬೈದು ಬಂದ್ ಮಾಡಿಸಿದಳು. ನಾವಿಬ್ಬರು ಹಿಂದೆ ಕೂತೆವು. ಕಾರು ಹೊರಟಿತು. ಗಿರಣಿ ಮಂಜಿನೊಳಗೆ ಹೋಗುವಾಗ ನಾನೂ ಚನ್ನಬಸಣ್ಣನೂ ತಿರುಗಿ ನೋಡಿದೆವು, ಆಕೆ ನೋಡಲಿಲ್ಲ.

ಗುಡ್ಡದ ದಾರಿ, ತಿರುವಿನ ಮೇಲೆ ತಿರುವು. ಮೊದಲ ತಿರುವಿನಲ್ಲಿ ಕಾರು ವಾಲಿದಾಗ ಹಾಳೆಯ ಮೇಲಿನ ನೀರು ಒಂದು ಮಗ್ಗುಲಿಗೆ ಸರಿಯಿತು, ಆಕೆಯ ಹೆಗಲ ಮೇಲಿಂದ ನನಗೆ ಕಾಣುತ್ತಿತ್ತು. ಇನ್ನೇನು ಅಂಚಿಗೆ ಬಂದು ಚೆಲ್ಲುತ್ತದೆ ಅನ್ನುವಷ್ಟರಲ್ಲಿ ತೆರೇಜವ್ವ ಹಲಗೆಯ ಆ ಕಡೆಯನ್ನು ತುಸು ಎತ್ತಿದಳು. ನೀರು ಹಿಂದಕ್ಕೆ ಹರಿದು ಮತ್ತೆ ಗಾಲಿಯ ಮೇಲೆ ಬಂತು. ಮುಂದಿನ ತಿರುವಿನಲ್ಲಿ ಇನ್ನೊಂದು ಕಡೆ ಎತ್ತಿದಳು, ಅದು ಮತ್ತೆ ಗಾಲಿಯ ಮೇಲೆಯೇ ಬಂತು. ಕಂದು ಬಣ್ಣ ನೀರಿನ ಕೂಡ ಸರಿದಾಗಲೆಲ್ಲ ಗಾಲಿ ತಿರುಗಿದಂತೆ ಕಾಣುತ್ತಿತ್ತು. ನನಗೆ ಅಳು ಬಂತು, ತಡೆಯಲಿಲ್ಲ. ಪಟ್ಟಣ ಮುಟ್ಟುವ ತನಕ ಆಕೆ ಆ ಹಾಳೆಯನ್ನು ಆರಗೊಡಲಿಲ್ಲ.